ಸಿ1 ಒಳಗೆ, ಸಿ2 ಹೊರಗೆ

ಹುಣಸೂರಿನಿಂದ ನಾಗರಹೊಳೆಯ ಕಡೆ ಹೋಗುವಾಗ ಸಿಗುವ ಗುರುಪುರದಲ್ಲಿ ನನ್ನ ಮಗಳ ಕಾಲೇಜು ಗೆಳತಿಯ ಮನೆಯಿದೆ. 1970ರ ದಶಕದ ಆರಂಭದಲ್ಲಿ ಟಿಬೆಟನ್ನರು ಬಂದು ನೆಲೆಯೂರಿದ ಊರು. ಎರಡು ವರ್ಷದ ಹಿಂದೆ ಅವರ ಹೊಸ ವರ್ಷ ಲೋಸರ್‌ಗೆ ನಮ್ಮನ್ನು ಕರೆದಿದ್ದರು. ಖಪ್ಸೆ ಎಂಬ ಕರಿದ ತಿಂಡಿ ತಿಂದು, ಉಪ್ಪು-ಬೆಣ್ಣೆ ಹಾಕಿದ ಚಹಾವನ್ನು ನಾನು ಮುಖ ಕಿವುಚದೆ ಕುಡಿದು ಮುಗಿಸಿದ ಮೇಲೆ ಎಲ್ಲರೂ ಗ್ಯುದ್‌ಮೆದ್ ವಿಹಾರಕ್ಕೆ ಹೊರಟೆವು. 1433ರಲ್ಲಿ ಟಿಬೆಟ್‌ನಲ್ಲಿ ಶುರುವಾದ ಮಠ ಈಗ ನಮ್ಮ ತಾಲ್ಲೂಕಿನದು!

ಮಗಳ ಕೊರಳಲ್ಲಿ ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕ್ಯಾಮೆರಾ. ಫೋಟೋ ತೆಗೆಯಬಹುದೇ ಎಂದು ಕೇಳಿದಳು. ತೆಗೆಯಿರಿ, ಫ್ಲ್ಯಾಶ್ ಮಾತ್ರ ಬೇಡ ಎಂದರು. ಒಳಗೆ ಮಬ್ಬುಗತ್ತಲು, ದೀಪಗಳು, ಹೊಳೆಯುವ ಮೂರ್ತಿಗಳು, ಕಂದುಗೆಂಪು ನಿಲುವಂಗಿಗಳು. ಇಂಥಲ್ಲಿ ಕ್ಯಾಮೆರಾವನ್ನು ಆಟೋಗೆ ಬಿಟ್ಟರೆ ದೀಪ ಕಂಡಾಗ ಚಿತ್ರವನ್ನು ಕಪ್ಪಾಗಿಸುತ್ತದೆ, ನಿಲುವಂಗಿ ಕಂಡಾಗ ಬೆಳ್ಳಗಾಗಿಸುತ್ತದೆ. ಹಾಗಾಗಿ ಅವಳು ಮ್ಯಾನ್ಯುಯಲ್‌ನಲ್ಲಿಟ್ಟು, ನಾಲ್ಕಾರು ಸಲ ತೆಗೆದು ನೋಡಿ, ಐಎಸ್‌ಒ 1600, ಎಫ್/2.8, ಸೆಕೆಂಡಿನ 1/60 ಎಂದು ಗೊತ್ತುಮಾಡಿಕೊಂಡಳು. ಚಿತ್ರಗಳು ಚೆನ್ನಾಗಿಯೇ ಬಂದವು.

ಎಡವಟ್ಟಾದದ್ದು ಹೊರಗೆ. ಮೆಟ್ಟಿಲಿಳಿಯುತ್ತಿದ್ದ ಗೆಳತಿಯ ಅಜ್ಜಿ ಸುಡುಬಿಸಿಲಿನಲ್ಲಿ ನಿಂತು, ಜಪಮಾಲೆ ಹಿಡಿದ ಕೈಯನ್ನೇ ಎತ್ತಿ ಮಗಳತ್ತ ನೋಡಿ ನಕ್ಕರು. ಅವಳು ಕ್ಲಿಕ್ಕಿಸಿದಳು. ತೆರೆಯ ಮೇಲೆ ಅಜ್ಜಿಯಿಲ್ಲ, ಬರೀ ಬಿಳುಪು. ಆ ಬಿಸಿಲಿಗೆ ಬೇಕಿದ್ದದ್ದು ಐಎಸ್‌ಒ 100, ಎಫ್/8, 1/500. ಲೆಕ್ಕ ಹಾಕಿ ನೋಡಿ: ಐಎಸ್‌ಒದಲ್ಲಿ ನಾಲ್ಕು ಮೆಟ್ಟಿಲು, ಅಪರ್ಚರಿನಲ್ಲಿ ಮೂರು, ಷಟರಿನಲ್ಲಿ ಮೂರು. ಒಟ್ಟು ಹತ್ತು. ಒಂದೊಂದು ಮೆಟ್ಟಿಲಿಗೂ ಬೆಳಕು ದುಪ್ಪಟ್ಟು. ಎರಡರ ಹತ್ತನೇ ಘಾತ 1024. ಸಾವಿರ ಪಟ್ಟು ಹೆಚ್ಚು ಬೆಳಕು ಬಿದ್ದ ಚಿತ್ರವನ್ನು ಯಾವ ಕಂಪ್ಯೂಟರೂ ಸರಿಮಾಡಲಾರದು. ಮಗಳು ಮೂರೂ ಅಂಕಿಗಳನ್ನು ಬದಲಿಸುವಷ್ಟರಲ್ಲಿ ಅಜ್ಜಿ ಯಾರೊಡನೆಯೋ ಮಾತಾಡುತ್ತಾ ಆಚೆ ಹೋಗಿದ್ದರು.

ಆ ಮಳೆಗಾಲದಲ್ಲೇ ಅವರು ತೀರಿಕೊಂಡರು. ನೋಡಲು ಹೋದಾಗ ಗೆಳತಿಯ ಅಮ್ಮ, ‘ಅವತ್ತು ಮೆಟ್ಟಿಲ ಹತ್ತಿರ ತೆಗೆದೆಯಲ್ಲಮ್ಮಾ, ಆ ಫೋಟೋ ಇದೆಯಾ?’ ಎಂದು ಕೇಳಿದರು. ಮಗಳು ನನ್ನ ಮುಖ ನೋಡಿದಳು. ನಾನು ಚಹಾ ಲೋಟ ನೋಡಿದೆ.

ಮನೆಗೆ ಬಂದವಳೇ ಕ್ಯಾಮೆರಾದ ಕೈಪಿಡಿ ಹಿಡಿದು ಕೂತಳು. ಕ್ಯಾಮೆರಾದ ನೆತ್ತಿಯ ಮೇಲಿನ ಚಕ್ರದಲ್ಲಿ ಸಿ1, ಸಿ2 ಎಂಬ ಗುರುತುಗಳಿದ್ದವು. ಅವು ಏಕಿವೆ ಎಂದು ನಾವಿಬ್ಬರೂ ಅದುವರೆಗೆ ಯೋಚಿಸಿರಲಿಲ್ಲ. ಕ್ಯಾನನ್ ಕಂಪನಿ 2005ರ 5ಡಿ ಕ್ಯಾಮೆರಾದಲ್ಲೇ ಇಂಥದೊಂದು ‘ಸಿ’ ಕೊಟ್ಟಿತ್ತು. ನಿಕಾನ್ 2010ರ ಡಿ7000ದಲ್ಲಿ ಯು1, ಯು2 ಎಂದು ಕೊಟ್ಟಿತು. ನಮಗೆ ಬೇಕಾದ ಅಂಕಿಗಳನ್ನು ಮ್ಯಾನ್ಯುಯಲ್‌ನಲ್ಲಿ ಹೊಂದಿಸಿ, ಮೆನುವಿಗೆ ಹೋಗಿ ಸಿ1ಕ್ಕೆ ಸೇರಿಸಿಟ್ಟರೆ ಆಯಿತು. ಆಮೇಲೆ ಚಕ್ರ ತಿರುಗಿಸಿದರೆ ಮೂರೂ ಒಟ್ಟಿಗೆ ವಾಪಸು. ಸಿ1 ಒಳಗಿನ ಮಬ್ಬಿಗೆ, ಸಿ2 ಹೊರಗಿನ ಬಿಸಿಲಿಗೆ ಎಂದು ಅವಳು ಗೊತ್ತುಮಾಡಿದಳು.

ಇದರಲ್ಲೊಂದು ಕಿತಾಪತಿಯಿದೆ. ಸಿ2ರಲ್ಲಿರುವಾಗ ಮೋಡ ಬಂತೆಂದು ಷಟರನ್ನು 1/125ಕ್ಕೆ ಇಳಿಸಿದಿರಿ ಅನ್ನಿ. ಕ್ಯಾಮೆರಾ ಆರಿಸಿ ಮತ್ತೆ ಹಚ್ಚಿದರೆ ಅದು ನಿಮ್ಮ ತಿದ್ದುಪಡಿ ಮರೆತು ಹಳೆಯ 1/500ಕ್ಕೇ ಹೋಗಿ ಕೂತಿರುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ತಿದ್ದಿದ್ದನ್ನು ತಾನಾಗಿ ಉಳಿಸಿಕೊಳ್ಳುವ ಆಯ್ಕೆಯಿದೆ. ಮಗಳು ಅದನ್ನು ಬೇಡವೆಂದೇ ಬಿಟ್ಟಿದ್ದಾಳೆ. ‘ಎಲ್ಲಿಂದ ಶುರುವಾಗುತ್ತೆ ಅಂತ ನಂಗೆ ಗೊತ್ತಿರ್ಬೇಕಪ್ಪ’ ಅನ್ನುತ್ತಾಳೆ. ಅವಳ ಮಾತು ನನಗೆ ಸರಿ ಕಂಡಿತು. ರೀಲಿನ ಕಾಲದಲ್ಲಿ ನಾನು ಫಿಲ್ಮ್ ಡಬ್ಬಿಯ ಒಳಮೈಯಲ್ಲಿ ಅಚ್ಚಾಗಿರುತ್ತಿದ್ದ ಪಟ್ಟಿಯನ್ನು, ಬಿಸಿಲಿಗೆ ಇಷ್ಟು, ಮೋಡಕ್ಕೆ ಇಷ್ಟು, ನೆರಳಿಗೆ ಇಷ್ಟು ಎಂಬುದನ್ನು, ಕತ್ತರಿಸಿ ಕ್ಯಾಮೆರಾ ಬೆನ್ನಿಗೆ ಅಂಟಿಸಿಕೊಳ್ಳುತ್ತಿದ್ದೆ. ಸಿ1, ಸಿ2 ಇಲ್ಲದ ಕ್ಯಾಮೆರಾ ಇರುವ ಮಕ್ಕಳು ಈಗಲೂ ಹಾಗೆ ಮಾಡಬಹುದು, ಖರ್ಚಿಲ್ಲ. ಆದರೆ ಪಟ್ಟಿಯಲ್ಲಿ ಬರೆಯುವ ಅಂಕಿಗಳನ್ನು ಆ ಜಾಗಕ್ಕೇ ಹೋಗಿ, ಹತ್ತು ಚಿತ್ರ ಕೆಡಿಸಿ ಸಂಪಾದಿಸಬೇಕು. ಇನ್ನೊಬ್ಬರ ಸಿ1 ನಮ್ಮ ಕತ್ತಲೆಗೆ ಹೊಂದುವುದಿಲ್ಲ.

ಕಳೆದ ಲೋಸರ್‌ಗೂ ಹೋಗಿದ್ದೆವು. ಮಂದಿರದಿಂದ ಹೊರಬಂದ ಗೆಳತಿಯ ಅಮ್ಮ ಅದೇ ಮೆಟ್ಟಿಲ ಮೇಲೆ, ಅದೇ ಜಪಮಾಲೆ ಹಿಡಿದು ತಿರುಗಿ ನಿಂತರು. ಮಗಳ ಹೆಬ್ಬೆರಳು ಚಕ್ರವನ್ನು ಒಂದು ಮನೆ ತಿರುಗಿಸಿದ್ದು ನನಗೆ ಕೇಳಿಸಿತು.

‘ಬಂತೇನಮ್ಮಾ?’ ಎಂದೆ.

‘ಬೆಳಕು ಸರಿಯಾಗಿದೆ ಅಪ್ಪ. ಆಂಟಿ ಕಣ್ಣು ಮುಚ್ಚಿಬಿಟ್ಟಿದ್ದಾರೆ. ತಡಿ, ಇನ್ನೊಂದು ತೆಗೀತೀನಿ.’