ದಡದ ಗಾಳಿ

ಕಲಿಯುವವರ ಮೇಲೆ ಕಣ್ಣಿಡಲೆಂದು ಹವಾಯಿಯ ವೈಕಿಕಿ ತೀರದ ಅಲೆಸವಾರರು ದೋಣಿಯ ಹುಟ್ಟು ಹಿಡಿದು ಹಲಗೆಯ ಮೇಲೆ ಎದ್ದುನಿಂತರು. ಇಂದಿನ ಸ್ಟ್ಯಾಂಡ್-ಅಪ್ ಪ್ಯಾಡಲ್ ಕ್ರೀಡೆಯ ಒಂದು ಬೇರು ಅದು. ಹುಟ್ಟು ಆಳಿಗಿಂತ ಸುಮಾರು ಒಂದು ಗೇಣು ಎತ್ತರವಿದ್ದು, ಅದರ ಬಾಗು ಮುಂದಕ್ಕಿರಬೇಕು. ಹೊಸಬರು ಸೌಟಿನಂತೆ ತಮ್ಮತ್ತ ತಿರುಗಿಸಿ ಹಿಡಿಯುವುದು ಸಹಜವೇ.

ಅಲ್ಲಿ ಅಲೆಗಿಂತ ಗಾಳಿಗೆ ಹೆಚ್ಚು ಅಂಜಬೇಕು. ಈಶಾನ್ಯದ ವಾಣಿಜ್ಯ ಮಾರುತ ಈ ದಕ್ಷಿಣ ತೀರದಲ್ಲಿ ನೆಲದಿಂದ ಕಡಲಿಗೆ ಬೀಸುತ್ತದೆ. ದಡದ ನೀರು ನುಣುಪಾಗಿ ಕಾಣುವುದೇ ಮೋಸ. ನಿಂತ ದೇಹವೇ ಹಾಯಿಯಾಗಿ, ಹಲಗೆ ಅರಿವಿಲ್ಲದೆ ದೂರ ಸರಿದಿರುತ್ತದೆ. ಆಗ ನಿಲ್ಲುವ ಹಟ ತೊರೆದು ಮಂಡಿಯೂರಬೇಕು; ಅದೂ ಸಾಲದಿದ್ದರೆ ಹುಟ್ಟನ್ನು ಎದೆಯಡಿ ಒತ್ತಿ, ಬೋರಲಾಗಿ ಮಲಗಿ, ಕೈಗಳಿಂದಲೇ ನೀರು ಬಗೆಯಬೇಕು. ಹಲಗೆಗೂ ಕಾಲಿಗೂ ಕಟ್ಟಿದ ಹಗ್ಗವನ್ನು ಬಿಚ್ಚಲಾಗದು: ಗಾಳಿಗೆ ಸಿಕ್ಕ ಹಲಗೆಯನ್ನು ಈಜಿ ಹಿಡಿಯುವುದು ದುಸ್ಸಾಧ್ಯ. ಹರಿಯುವ ಹೊಳೆಗೆ ಮಾತ್ರ ಬೇರೆ ನ್ಯಾಯ. ಕಾಲಿನ ಹಗ್ಗ ಮುಳುಗಿದ ಕೊರಡಿಗೆ ತೊಡರಿದರೆ ಜೀವಕ್ಕೇ ಸಂಚಕಾರ, ಎಳೆದೊಡನೆ ಕಳಚುವ ಸೊಂಟದ ಕಟ್ಟೇ ಅಲ್ಲಿ ಬೇಕು.