ನೆಲಕ್ಕಿಳಿದ ಮಾರುತ

ಬೆಂಗಳೂರಿಗೆ ನೆಂಟರು ಬಂದರೆ ಲಾಲ್‌ಬಾಗು, ವಿಧಾನಸೌಧ, ಬಸವನಗುಡಿಯ ದೊಡ್ಡ ಬಸವಣ್ಣ ಇಷ್ಟನ್ನು ತೋರಿಸಿ ಕಳುಹಿಸುವುದು ವಾಡಿಕೆ. ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಎಚ್.ಎ.ಎಲ್. ವಿಮಾನ ಸಂಗ್ರಹಾಲಯದ ಹೆಸರೆತ್ತುವವರು ಕಡಮೆ. 2001ರಲ್ಲಿ ತೆರೆದ ಈ ತಾಣಕ್ಕೆ ನಾವೂ ಬಹುಕಾಲ ಕಾಲಿಟ್ಟಿರಲಿಲ್ಲ. ಕೊನೆಗೆ ಹೋಗುವಂತಾದದ್ದು ನಮ್ಮ ಸೋದರಮಾವನವರ ದೆಸೆಯಿಂದ.

ಮಾವನವರು ತುಮಕೂರು ಸೀಮೆಯ ಹಳ್ಳಿಯೊಂದರಿಂದ ಇಪ್ಪತ್ತರ ಹರೆಯದಲ್ಲಿ ಬಂದು ವಿಮಾನ ಕಾರ್ಖಾನೆ ಸೇರಿದವರು. ವಿಮಾನದ ಮೈಗೆ ರಿವೆಟ್ ಹೊಡೆಯುವುದು ಅವರ ಕೆಲಸವಾಗಿತ್ತು. ಈಗ ಎಂಬತ್ತು ದಾಟಿದೆ. ಮಾತು ಮೊದಲೇ ಕಡಮೆ, ಕಿವಿ ಮಂದವಾದ ಮೇಲೆ ಇನ್ನೂ ಕಡಮೆ. ಕಳೆದ ದೀಪಾವಳಿಯ ಊಟದ ಹೊತ್ತಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ ಮಾತಿನ ಭರದಲ್ಲಿ, "ತಾತ, ನೀವು ಕಟ್ಟಿದ ಮಾರುತ ಸೋತ ವಿಮಾನವಂತೆ. ಶಬ್ದದ ಇಮ್ಮಡಿ ವೇಗದಲ್ಲಿ ಹಾರಬೇಕಾಗಿದ್ದದ್ದು ಅದರ ಹತ್ತಿರಕ್ಕೂ ಹೋಗಲಿಲ್ಲವಂತೆ" ಎಂದುಬಿಟ್ಟ. ಮಾವನವರು ಏನೂ ಹೇಳಲಿಲ್ಲ. ಎಲೆಯಲ್ಲಿದ್ದ ಹೋಳಿಗೆಯನ್ನು ಹಾಗೆಯೇ ಬಿಟ್ಟು ಎದ್ದು ಕೈತೊಳೆದರು. ಹುಡುಗ ಒರಟನಲ್ಲ, ರಾತ್ರಿಯೆಲ್ಲ ಪೇಚಾಡಿಕೊಂಡ. ತಾತನನ್ನು ಸಂಗ್ರಹಾಲಯಕ್ಕೆ ಕರೆದೊಯ್ಯೋಣವೆಂದವನು ಅವನೇ.

ಒಂದು ಮುಂಜಾನೆ ಹೊರಟೆವು. ಮರಗಳ ನೆರಳಿನ ಅಂಗಳದಲ್ಲಿ ವಿಮಾನಗಳು ದನದ ಕೊಟ್ಟಿಗೆಯ ಮುಂದೆ ಬಿಸಿಲು ಕಾಯುವ ಮುದಿ ಎತ್ತುಗಳಂತೆ ನಿಂತಿವೆ. 1957ರಿಂದ 2007ರವರೆಗೆ ಐವತ್ತು ವರ್ಷ ನಮ್ಮ ವಾಯುಪಡೆಯಲ್ಲಿ ದುಡಿದ ಕ್ಯಾನ್‌ಬೆರ್ರಾ ಬಾಂಬರಿನ ಜಾತಿಯದು ಅಲ್ಲಿದೆ. ನ್ಯಾಟ್ ಎಂಬ ಪುಟಾಣಿ ಯುದ್ಧವಿಮಾನದಿಂದ ರೂಪುಗೊಂಡ ಅಜೀತ್ ಇದೆ. ಡಾ. ವಿ. ಎಂ. ಘಾಟಗೆಯವರು ವಿನ್ಯಾಸಗೊಳಿಸಿದ, 1951ರ ಆಗಸ್ಟಿನಲ್ಲಿ ಮೊದಲು ಹಾರಿದ ಎಚ್.ಟಿ.-2 ತರಬೇತಿ ವಿಮಾನದ ನೆನಪೂ ಇಲ್ಲಿದೆ. ಮಾವನವರು ಇವಾವುದರ ಬಳಿಯೂ ನಿಲ್ಲಲಿಲ್ಲ. ಊರುಗೋಲೂರುತ್ತ ನೇರವಾಗಿ ಮಾರುತದ ಕಡೆಗೆ ನಡೆದರು.

ಅಲ್ಲಿ ನಮಗಿಂತ ಮೊದಲೇ ಒಬ್ಬ ತರುಣ ಮೊಣಕಾಲೂರಿ ಕುಳಿತು ವಿಮಾನದ ಹೊಟ್ಟೆಯ ಕೆಳಗೆ ಇಣುಕುತ್ತಿದ್ದ. ಕೈಯಲ್ಲಿ ಬೈಂಡು ಬಿಟ್ಟ ಒಂದು ನೋಟ್‌ಬುಕ್. ಹುಬ್ಬಳ್ಳಿಯವನು, ಬ್ಯಾಂಕಿನ ನೌಕರ. ರಜೆ ಸಿಕ್ಕಾಗಲೆಲ್ಲ ಹಳೆಯ ಯುದ್ಧವಿಮಾನಗಳನ್ನು ಹುಡುಕಿಕೊಂಡು ಹೋಗುವುದು, ಬಾಲದ ಮೇಲಿನ ಸಂಖ್ಯೆಯನ್ನು ಬರೆದುಕೊಳ್ಳುವುದು, ಅದು ಎಲ್ಲೆಲ್ಲಿ ಹಾರಿತ್ತೆಂದು ಪತ್ತೆಹಚ್ಚುವುದು ಅವನ ಹವ್ಯಾಸ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಮಾರುತವನ್ನು ಅವನು ನೋಡಿಯಾಗಿತ್ತು. ಜರ್ಮನಿಯ ಮ್ಯೂನಿಕ್ ನಗರದ ಹತ್ತಿರ ಶ್ಲೈಸ್‌ಹೈಮ್ ಎಂಬಲ್ಲಿಯೂ ಒಂದು ಮಾರುತವಿದೆಯಂತೆ. ಅದನ್ನು ನೋಡಲು ಹಣ ಕೂಡಿಸುತ್ತಿರುವೆನೆಂದ. ತೀರ್ಥಯಾತ್ರೆಗೆ ಹಣ ಕೂಡಿಸುವವರನ್ನು ಕಂಡಿದ್ದೇವೆ, ಇಂಥವರನ್ನು ಕಂಡಿರಲಿಲ್ಲ.

ನಿಮಗೆ ಎಲ್ಲಕ್ಕಿಂತ ಪ್ರಿಯವಾದ ವಿಮಾನ ಯಾವುದೆಂದು ಕೇಳಿದೆವು. ಮಾರುತವೆನ್ನುವನೆಂದುಕೊಂಡರೆ ಅವನು ಲಿಬರೇಟರ್ ಎಂದ. ಎರಡನೆಯ ಮಹಾಯುದ್ಧದ ನಾಲ್ಕು ಎಂಜಿನ್ನಿನ ಅಮೆರಿಕನ್ ಬಾಂಬರು ಅದು. ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ. ಯುದ್ಧ ಮುಗಿದಾಗ ಇಂಥ ಹಲವು ವಿಮಾನಗಳನ್ನು ಮತ್ತೆ ಹಾರದಂತೆ ಕೆಡಿಸಿ ಕಾನ್ಪುರದ ಬಯಲಿನಲ್ಲಿ ಬಿಟ್ಟುಹೋಗಿದ್ದರು. ಬೆಂಗಳೂರಿನ ಕಾರ್ಖಾನೆಯವರು ಅಲ್ಲಿಗೆ ಹೋಗಿ, ಒಂದರ ಭಾಗವನ್ನು ಇನ್ನೊಂದಕ್ಕೆ ಜೋಡಿಸಿ, ಹೇಗೋ ಹಾರಬಲ್ಲಷ್ಟು ಸರಿಪಡಿಸಿದರು. ಜಮ್‌ಶೇದ್ ಮುನ್ಷಿ ಎಂಬ ಪೈಲಟ್ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ದುರಸ್ತಿಯಾಗಿ 1948ರಿಂದ ವಾಯುಪಡೆ ಸೇರಿದ ಆ ವಿಮಾನಗಳು 1968ರವರೆಗೆ ಹಾರಿದವು. ಇಂದು ಇಂಗ್ಲೆಂಡ್, ಕೆನಡಾ, ಅಮೆರಿಕಗಳ ಸಂಗ್ರಹಾಲಯಗಳಲ್ಲಿ ಲಿಬರೇಟರ್ ನೋಡುವವರು ಹಲವೆಡೆ ನೋಡುತ್ತಿರುವುದು ಹೀಗೆ ಭಾರತದಲ್ಲಿ ಉಳಿದುಕೊಂಡದ್ದನ್ನೇ. "ಬಿಸಾಡಿದ್ದನ್ನು ನಮ್ಮವರು ಎತ್ತಿಕೊಂಡು ಹಾರಿಸಿದರಲ್ಲ ಸಾರ್, ಅದಕ್ಕೇ ಇಷ್ಟ" ಎಂದು ತರುಣ ಹೇಳಿದ. ವೇಗ, ಬಲ, ಬಾಂಬಿನ ತೂಕ ಇವುಗಳ ಮಾತನ್ನೇ ಅವನು ಆಡದಿದ್ದುದು ನಮಗೆ ವಿಶೇಷವೆನಿಸಿತು.

ಮಾರುತದ ಕಥೆಯನ್ನಂತೂ ಅವನು ಬಾಯಿಪಾಠವಾಗಿ ಬಲ್ಲ. ಮಹಾಯುದ್ಧ ಕಾಲದ ಪ್ರಸಿದ್ಧ ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ 1956ರಲ್ಲಿ ಸಂಗಡಿಗರೊಡನೆ ಬೆಂಗಳೂರಿಗೆ ಬಂದು ನಮ್ಮ ಎಂಜಿನಿಯರರ ಜೊತೆ ಕುಳಿತರು. ಮೊದಲು ಮರದಲ್ಲಿ ಅದೇ ಅಳತೆಯ ಎಂಜಿನ್ನಿಲ್ಲದ ಗ್ಲೈಡರನ್ನು ಮಾಡಿ, ಡಕೋಟಾ ವಿಮಾನದ ಹಿಂದೆ ಕಟ್ಟಿ ಮೇಲಕ್ಕೊಯ್ದು, ಗಾಳಿಯಲ್ಲಿ ಬಿಟ್ಟು 1959ರಲ್ಲಿ ಪರೀಕ್ಷಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ನಿಜವಾದ ಮಾರುತವನ್ನು ಹಾರಿಸಿದರು. ಕೊರತೆಯಾದದ್ದು ಎಂಜಿನ್ನಿನದು. ವಿನ್ಯಾಸಕ್ಕೆ ಹೊಂದುವ ಬಲವಾದ ಆರ್ಫಿಯಸ್ ಎಂಜಿನು ಬ್ರಿಟನ್ನಿನಿಂದ ಬರಬೇಕಾಗಿತ್ತು. ವೆಚ್ಚದ ಮಾತುಕತೆ ಕುದುರದೆ ಅದು ಬರಲಿಲ್ಲ. ನ್ಯಾಟ್‌ಗೆ ಒಂದು ಹಾಕುತ್ತಿದ್ದ ಸಣ್ಣ ಜಾತಿಯದನ್ನೇ ಇದಕ್ಕೆ ಎರಡು ಜೋಡಿಸಿ ಹಾರಿಸಬೇಕಾಯಿತು. ಹೆಚ್ಚಿನ ಬಲ ತುಂಬುವ ಪ್ರಯತ್ನದಲ್ಲಿಯೇ 1970ರ ಜನವರಿ 10ರಂದು ಮಾರುತವೊಂದು ನೆಲ ಬಿಟ್ಟೇಳುವಾಗ ಬಿದ್ದು ಸುರಂಜನ್ ದಾಸ್ ತೀರಿಕೊಂಡರು. ಹಳೆಯ ಮದರಾಸು ರಸ್ತೆಗೆ ಸೇರುವ ಸುರಂಜನ್ ದಾಸ್ ರಸ್ತೆಯಲ್ಲಿ ನಾವು ಎಷ್ಟು ಸಲ ಓಡಾಡಿದ್ದೇವೆ! ಅದು ಯಾರ ಹೆಸರೆಂದು ಒಮ್ಮೆಯೂ ಕೇಳಿರಲಿಲ್ಲ.

"1971ರಲ್ಲಿ ರಾಜಸ್ಥಾನದ ಮರಳುಗಾಡಿನಲ್ಲಿ ಇವೇ ಹೋರಾಡಿದವು. ಒಂದು ಎಂಜಿನು ಏಟು ತಿಂದು ನಿಂತರೂ ಇನ್ನೊಂದರಿಂದಲೇ ಮನೆಗೆ ಬಂದವು" ಎಂದು ತರುಣ ಹೇಳುವಾಗ ಮೊಮ್ಮಗ ತಲೆತಗ್ಗಿಸಿದ. ಒಟ್ಟು 147 ಮಾರುತಗಳು ತಯಾರಾಗಿ, 1990ರ ಹೊತ್ತಿಗೆ ಸೇವೆಯಿಂದ ಮರೆಯಾದವು.

ಅಷ್ಟರಲ್ಲಿ ಮಾವನವರು ರಿವೆಟ್ ಹೊಡೆಯುತ್ತಿದ್ದವರೆಂದು ತರುಣನಿಗೆ ತಿಳಿಯಿತು. ಅವನ ಮುಖ ಅರಳಿದ ಬಗೆಯನ್ನು ಹೇಗೆ ಬರೆಯುವುದು! ನೋಟ್‌ಬುಕ್ ತೆರೆದು, ಅವರ ಕಿವಿಯ ಬಳಿ ಬಗ್ಗಿ, ಒಂದೊಂದೇ ಪ್ರಶ್ನೆ ಕೇಳತೊಡಗಿದ. ಮನೆಯಲ್ಲಿ ಎಂದೂ ನಾಲ್ಕು ಮಾತು ಕೂಡಿಸಿ ಆಡದ ಮಾವನವರು ಒಂದು ಗಂಟೆ ಮಾತನಾಡಿದರು. ಒಬ್ಬ ಹೊರಗಿನಿಂದ ಹೊಡೆಯಬೇಕು, ಇನ್ನೊಬ್ಬ ಒಳಗೆ ತೂರಿಕೊಂಡು ಕಬ್ಬಿಣದ ಗಟ್ಟಿಯನ್ನು ರಿವೆಟಿನ ಬಾಲಕ್ಕೆ ಒತ್ತಿ ಹಿಡಿಯಬೇಕು. ಸಣ್ಣ ಮೈಯವರನ್ನೇ ಒಳಗೆ ಕಳುಹಿಸುತ್ತಿದ್ದರು, ತಾವೂ ಆಗ ಸಣ್ಣ ಮೈಯವರೇ. ರಿವೆಟಿನ ತಲೆ ತಗಡಿನೊಡನೆ ಸಮವಾಗಿರಬೇಕು. ಕೂದಲೆಳೆಯಷ್ಟು ಉಬ್ಬಿದರೂ ಗಾಳಿ ಅದನ್ನು ಹಿಡಿದೆಳೆಯುತ್ತದೆ. ಕಣ್ಣಿಗೆ ಕಾಣದ ಉಬ್ಬು ಅಂಗೈಗೆ ತಿಳಿಯುತ್ತದೆ. ತಪ್ಪಿದ್ದನ್ನು ಕೊರೆದು ತೆಗೆದು ಮತ್ತೆ ಹೊಡೆಯಬೇಕು. ತಮ್ಮ ಜೊತೆಯಾಳು ಒಬ್ಬ ಮಲಯಾಳಿ. ಒಬ್ಬರ ಭಾಷೆ ಒಬ್ಬರಿಗೆ ಬಾರದೆ ತಗಡಿನ ಮೇಲೆ ತಟ್ಟಿ ಸನ್ನೆ ಮಾಡುತ್ತಿದ್ದರಂತೆ. ಇದನ್ನೆಲ್ಲ ನಾವು ಅಂದೇ ಮೊದಲು ಕೇಳಿದ್ದು. ಇಷ್ಟು ವರ್ಷ ನಾವಾರೂ ಕೇಳಿರಲಿಲ್ಲ, ಅಷ್ಟೆ.

ಮೇಲೆ ಯಾವುದೋ ಯುದ್ಧವಿಮಾನ ಗುಡುಗಿ ಹೋಯಿತು. ಪಕ್ಕದ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳು 2008ರಲ್ಲಿ ನಿಂತರೂ ಇಂಥವು ಹಾರುತ್ತಲೇ ಇರುತ್ತವೆ. ಸದ್ದಡಗಿದ ಮೇಲೆ ಮೊಮ್ಮಗ ಹತ್ತಿರ ಬಂದು, "ತಾತ, ಇದರಲ್ಲಿ ನೀವು ಹೊಡೆದ ರಿವೆಟ್ ಯಾವುದು?" ಎಂದು ಕೇಳಿದ.

ಮಾವನವರು ಊರುಗೋಲನ್ನು ಅವನ ಕೈಗೆ ಕೊಟ್ಟು, ಅಂಗೈಯನ್ನು ತಗಡಿನ ಮೇಲೆ ಮೆಲ್ಲನೆ ಎಳೆಯುತ್ತ ರೆಕ್ಕೆಯ ಬುಡದವರೆಗೆ ಹೋದರು. "ಇದು ನಾನು ಮಾಡಿದ್ದಲ್ಲ ಕಣೋ" ಎಂದರು. "ಆದರೆ ಯಾರೋ ಚೆನ್ನಾಗಿ ಮಾಡಿದ್ದಾನೆ."

ಹುಡುಗ ತಾನೂ ಅದೇ ಸಾಲಿನ ಮೇಲೆ ಕೈಯಾಡಿಸಿದ. ಹೊರಡುವ ಹೊತ್ತಿಗೆ ಹುಬ್ಬಳ್ಳಿಯ ತರುಣ ಮಾವನವರ ಹೆಸರನ್ನು ನೋಟ್‌ಬುಕ್ಕಿನಲ್ಲಿ ವಿಮಾನದ ಸಂಖ್ಯೆಯ ಪಕ್ಕದಲ್ಲಿ ಬರೆದುಕೊಂಡು, ಅಕ್ಷರ ಸರಿಯಾಗಿದೆಯೇ ನೋಡಿ ಎಂದು ಅವರ ಮುಂದೆ ಹಿಡಿದ.