ಅಜ್ಜಿಯ ಸಿಂಬೆ

ಸುಳ್ಯದ ಕಡೆಯ ನಮ್ಮ ತೋಟದಲ್ಲಿ ಅಜ್ಜಿಯು ತಲೆಯ ಮೇಲೆ ಬೈಹುಲ್ಲಿನ ಸಿಂಬೆಯನ್ನಿಟ್ಟು ಸೊಪ್ಪಿನ ಹೊರೆ ಹೊರುತ್ತಿದ್ದಳು. ಒಮ್ಮೆ ಎರಡು ಎಳೆ ಹರಿದುದನ್ನು ಕಂಡು ನಾನು ಅದನ್ನು ಎಸೆದುಬಿಟ್ಟೆ. “ಎಳೆ ಹರಿದರೆ ಸಿಂಬೆ ಹೋಯಿತೇ?” ಎಂದು ಅಜ್ಜಿ ನಕ್ಕು ಎತ್ತಿಕೊಂಡಳು. ನಿಜ, ನಡುವಿನ ತೂತು ಯಾವ ಒಂದು ಎಳೆಯಲ್ಲಿಯೂ ಇಲ್ಲ, ಇಡೀ ಸುತ್ತಿನಲ್ಲಿದೆ.

ಮುಂದೆ ಕ್ವಾಂಟಂ ಗಣಕದ ವಿಷಯವನ್ನು ಓದುವಾಗ ಆ ಮಾತು ನೆನಪಾಯಿತು. ಈ ಗಣಕದ ಮೂಲಘಟಕವಾದ ಕ್ಯೂಬಿಟ್ ಬಹಳ ನಾಜೂಕು. ಅಲ್ಪ ಶಾಖ ತಗಲಿದರೂ ಅದರಲ್ಲಿಟ್ಟ ಮಾಹಿತಿ ಕೆಡುತ್ತದೆ. ಕೆಟ್ಟಿತೇ ಎಂದು ನೇರವಾಗಿ ನೋಡಹೋದರೂ ಕೆಡುತ್ತದೆ! 1997ರಲ್ಲಿ ರಷ್ಯದ ವಿಜ್ಞಾನಿ ಅಲೆಕ್ಸೈ ಕಿಟಾಯೆವ್ ಇದಕ್ಕೊಂದು ಉಪಾಯವನ್ನು ಸೂಚಿಸಿದರು. ಸಿಂಬೆಯಂತಹ ಮೈಯ ಮೇಲೆ ಕ್ಯೂಬಿಟ್‌ಗಳನ್ನು ಬಲೆಯಾಗಿ ಹೆಣೆದು, ಮಾಹಿತಿಯನ್ನು ಇಡೀ ಸುತ್ತಿಗೆ ಒಪ್ಪಿಸಬೇಕು. ನೆರೆಯ ನಾಲ್ಕು ನಾಲ್ಕು ಕ್ಯೂಬಿಟ್‌ಗಳ ಹೊಂದಿಕೆಯನ್ನಷ್ಟೇ ಪರೀಕ್ಷಿಸಿದರೆ ತಪ್ಪಿನ ಸುಳಿವು ಸಿಗುತ್ತದೆ. ಒಳಗಿನ ಮಾಹಿತಿ ಕದಲುವುದಿಲ್ಲ. ತಪ್ಪುಗಳ ಸರಪಳಿ ಸಿಂಬೆಯನ್ನು ಪೂರ್ತಿ ಸುತ್ತಿದರೆ ಮಾತ್ರ ಹಾನಿ.

ಇದೇ ತತ್ತ್ವದ ಚಪ್ಪಟೆ ಬಲೆಯನ್ನು ಗೂಗಲ್ ಸಂಸ್ಥೆಯವರು 2024ರಲ್ಲಿ ಪರೀಕ್ಷಿಸಿದರು. ಬಲೆಯ ಅಳತೆಯನ್ನು 3ರಿಂದ 5ಕ್ಕೆ, 5ರಿಂದ 7ಕ್ಕೆ ಹಿಗ್ಗಿಸಿದಾಗ ಪ್ರತಿಸಲವೂ ತಪ್ಪು ಸುಮಾರು ಅರ್ಧಕ್ಕಿಳಿಯಿತು.

ಅಜ್ಜಿಗೆ ಅಕ್ಷರ ಬಾರದು. ಆದರೆ ಹೊರೆಯನ್ನು ಒಂದೇ ಎಳೆಗೆ ವಹಿಸಬಾರದೆಂಬುದನ್ನು ಅವಳ ಕೈಗಳು ಬಲ್ಲವಾಗಿದ್ದವು.